ಮಲೆನಾಡಿನ ಮಳೆಯಲ್ಲಿ ಪೋಲರೈಸಿಂಗ್ ಮೈಕ್ರೋಸ್ಕೋಪ್: ಹಲವು ವರ್ಷ ಬಳಸಿದ ಮೇಲೆ

ಕಲ್ಲಿನೊಳಗಿನ ಖನಿಜ ಗುರುತಿಸಲು ಮೈಕ್ರೋಸ್ಕೋಪ್ ಕೊಳ್ಳುವವರು ಎಲ್ಲಕ್ಕಿಂತ ಮೊದಲು ಕೇಳುವುದು ಒಂದೇ, ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತದೆ ಅಂತ. ಅದಕ್ಕಿಂತ ಮುಖ್ಯ ತಿರುಗುವ ಸ್ಟೇಜ್, ಅಂದರೆ ಕಲ್ಲಿನ ತೆಳು ಪದರ ಅಂಟಿಸಿದ ಗಾಜಿನ ಸ್ಲೈಡ್ ಇಡುವ ತಟ್ಟೆ. ನನ್ನ ಹತ್ತಿರ ಇರುವುದು ಹರಿಯಾಣದ ಅಂಬಾಲಾದಲ್ಲಿ ತಯಾರಾದದ್ದು, ಕಾಲೇಜು ಲ್ಯಾಬ್‌ಗಳಿಗೆ ಮಾಡುವ ಸಾಧಾರಣ ಮಾದರಿ. ಹೊಸ ಸ್ಕೂಟರಿಗೆ ಕೊಡುವುದಕ್ಕಿಂತ ಕಮ್ಮಿ ದುಡ್ಡಿಗೆ ಬಂತು. ತೀರ್ಥಹಳ್ಳಿಯ ಮನೆಯಲ್ಲಿ ಹಲವು ಮಳೆಗಾಲ ದಾಟಿದೆ. 4, 10, 40 ಪಟ್ಟಿನ ಮೂರು ಆಬ್ಜೆಕ್ಟಿವ್ (ಸ್ಲೈಡಿನ ಹತ್ತಿರದ ಲೆನ್ಸ್) ಇವೆ. ಕೆಲಸವೆಲ್ಲ ಹೆಚ್ಚುಕಮ್ಮಿ 4 ಮತ್ತು 10ರಲ್ಲೇ ಮುಗಿಯುತ್ತದೆ.

ಸ್ಟೇಜ್ ಯಾಕೆ ಅಷ್ಟು ಮುಖ್ಯ? ಖನಿಜ ತನ್ನ ಗುಣ ತೋರಿಸುವುದೇ ತಿರುಗಿಸಿದಾಗ. ಕೆಳಗಿನ ಪೋಲರೈಸರ್ (ಬೆಳಕನ್ನು ಒಂದೇ ದಿಕ್ಕಿನಲ್ಲಿ ಕಂಪಿಸುವಂತೆ ಮಾಡುವ ಫಿಲ್ಟರ್) ಒಂದನ್ನೇ ಇಟ್ಟು ಬಯೋಟೈಟ್ ಎಂಬ ಕಪ್ಪು ಅಭ್ರಕ ತಿರುಗಿಸಿ, ತಿಳಿ ಹಳದಿಯಿಂದ ಗಾಢ ಕಂದಿಗೆ ಹೋಗುತ್ತದೆ. ಹಾರ್ನ್‌ಬ್ಲೆಂಡ್ ಹಸಿರಿನಲ್ಲೇ ಬಣ್ಣ ಬದಲಿಸುತ್ತದೆ. ಮೇಲಿನ ಅನಲೈಸರ್, ಅಂದರೆ ಅದಕ್ಕೆ ಅಡ್ಡಲಾಗಿರುವ ಎರಡನೇ ಪೋಲರೈಸರ್, ಒಳಗೆ ತಳ್ಳಿದರೆ ಬೇರೆಯದೇ ಲೋಕ. ಒಂದು ಪೂರ್ತಿ ಸುತ್ತಿನಲ್ಲಿ ಹರಳು ನಾಲ್ಕು ಸಲ ಕಪ್ಪಾಗುತ್ತದೆ. ಗಾರ್ನೆಟ್ ಮಾತ್ರ ಎಷ್ಟು ತಿರುಗಿಸಿದರೂ ಕಪ್ಪಾಗಿಯೇ ಕೂರುತ್ತದೆ. ಅಡ್ಡ ಕೊಯ್ದ ಹಾರ್ನ್‌ಬ್ಲೆಂಡಿನಲ್ಲಿ ಎರಡು ಸೀಳುಗೆರೆಗಳು 56 ಮತ್ತು 124 ಡಿಗ್ರಿಯಲ್ಲಿ ಸೇರುತ್ತವೆ, ಪೈರಾಕ್ಸೀನ್‌ನಲ್ಲಿ ಹತ್ತಿರ ಹತ್ತಿರ 90ಕ್ಕೆ. ಇದನ್ನೆಲ್ಲ ಅಳೆಯಬೇಕಾದರೆ ನೋಡುತ್ತಿರುವ ಹರಳು ಕಣ್ಣೆದುರೇ ಉಳಿಯಬೇಕು. ಸ್ಟೇಜಿನ ನಡುವೂ ಆಬ್ಜೆಕ್ಟಿವಿನ ನಡುವೂ ಸರಿಯಾಗಿ ಕೂಡದಿದ್ದರೆ, ಅರ್ಧ ಸುತ್ತಿಗೆ ಹರಳು ಓಡಿಹೋಗಿರುತ್ತದೆ. ನನ್ನದರಲ್ಲಿ ಆಬ್ಜೆಕ್ಟಿವಿಗೆ ಸೆಂಟರಿಂಗ್ ಸ್ಕ್ರೂ ಇದೆ. ಇವತ್ತಿಗೂ ಗಟ್ಟಿಯಾಗಿ ಹಿಡಿದಿದೆ. ಈ ಬೆಲೆಗೆ ಇದೊಂದೇ ಸಾಕು ಅನಿಸುವಷ್ಟು ಖುಷಿ ನನಗೆ.

ಕೊಳ್ಳುವಾಗ ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಸ್ಲೈಡ್ ಇಡಬೇಡಿ. ಎರಡೂ ಪೋಲರೈಸರ್ ಅಡ್ಡಡ್ಡ ಮಾಡಿ ಒಳಗೆ ನೋಡಿ. ಪೂರ್ತಿ ಕತ್ತಲು ಕಾಣಬೇಕು. ಬೂದು ಬೆಳಕು ಸೋರಿದರೆ ಲೆನ್ಸಿನ ಗಾಜಿನಲ್ಲಿ ಒತ್ತಡ ಉಳಿದಿದೆ ಅಂತ ಅರ್ಥ, ಇಲ್ಲವೇ ಪೋಲರೈಸರಿನ ಪೋಲರಾಯ್ಡ್ ಹಾಳೆ ಕಳಪೆ. ಜೀವಶಾಸ್ತ್ರದ ಮೈಕ್ರೋಸ್ಕೋಪಿಗೆ ಸುಮ್ನೆ ಎರಡು ಪೋಲರಾಯ್ಡ್ ಹಾಳೆ ಸಿಕ್ಕಿಸಿ ಮಾರುವವರೂ ಇದ್ದಾರೆ. ಅದು ಬೇಡ.

ಈಗ ಮಳೆಯ ವಿಷಯ. ಆಗುಂಬೆ ನಮಗೆ ದೂರವಿಲ್ಲ, ಅಲ್ಲಿ ವರ್ಷಕ್ಕೆ 7000 ಮಿ.ಮೀ.ಗಿಂತ ಜಾಸ್ತಿ ಸುರಿಯುತ್ತದೆ. ಜೂನ್ ಬಂದರೆ ಮನೆಯಲ್ಲಿ ಚಪ್ಪಲಿಗೆ, ಬೆಲ್ಟಿಗೆ ಎಲ್ಲ ಬೂಷ್ಟು ಹಿಡಿಯುತ್ತದೆ ಅಲ್ವಾ? ಲೆನ್ಸಿಗೂ ಹಿಡಿಯುತ್ತದೆ. ಒಮ್ಮೆ ಗಾಜಿನ ಲೇಪ ತಿಂದರೆ ಒರೆಸಿ ಪ್ರಯೋಜನವಿಲ್ಲ. ಕಂಪನಿ ಕೊಡುವ ಮರದ ಪೆಟ್ಟಿಗೆ ನಮ್ಮ ಕಡೆಗೆ ಆಗುವುದೇ ಇಲ್ಲ, ಮರವೇ ತೇವ ಹೀರುತ್ತದೆ. ನಾನು ಆಬ್ಜೆಕ್ಟಿವ್, ಐಪೀಸ್, ಬೆಳಕಿನ ದಾರಿಯಲ್ಲಿ ಸಿಕ್ಕಿಸುವ ಜಿಪ್ಸಮ್ ಪ್ಲೇಟ್ ಎಲ್ಲ ಬಿಚ್ಚಿ ರಬ್ಬರ್ ಅಂಚಿನ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ನೀಲಿ ಕಾಳು ಗುಲಾಬಿಯಾದ ಕೂಡಲೇ ಬಿಸಿ ಮಾಡಿ ಒಣಗಿಸಬೇಕು. ಮಳೆಗಾಲದಲ್ಲಿ ಈ ಕೆಲಸ ಆಗಾಗ ಬೀಳುತ್ತದೆ. ಬೇಸರ ಮಾಡಿಕೊಂಡರೆ ಆಗುವುದಿಲ್ಲ.

ದೀಪ ಎಲ್‌ಇಡಿಯದ್ದೇ ಇರಲಿ. ಕರೆಂಟ್ ಹೋದರೂ ಸಣ್ಣ ಇನ್ವರ್ಟರಿನಲ್ಲಿ ಓಡುತ್ತದೆ, ಪೋಲರಾಯ್ಡಿಗೆ ಬಿಸಿಯೂ ತಾಗುವುದಿಲ್ಲ. ಬೆಳಕು ಮಾತ್ರ ಸ್ವಲ್ಪ ನೀಲಿ.

ಬಿಡಿಭಾಗದ ವಿಷಯದಲ್ಲಿ ನನಗೆ ಸಿಟ್ಟಿದೆ. ಅನಲೈಸರ್ ಜಾರುವ ಪಟ್ಟಿಯ ಸ್ಪ್ರಿಂಗ್ ಸಡಿಲವಾಯಿತು. ಮಾರಿದವರು ತಿಂಗಳುಗಟ್ಟಲೆ ನಾಳೆ, ನಾಡಿದ್ದು ಅಂದರು. ಕೊನೆಗೆ ಶಿವಮೊಗ್ಗದಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರು ಬೇರೆ ಸ್ಪ್ರಿಂಗ್ ಕತ್ತರಿಸಿ ಕೂರಿಸಿದರು. ಅದೇ ಇನ್ನೂ ಇದೆ.

ಇನ್ನೊಂದು ಮಾತು ಹೇಳಲೇಬೇಕು. ಸ್ಲೈಡ್ ಚೆನ್ನಾಗಿಲ್ಲದಿದ್ದರೆ ಎಂಥ ಮೈಕ್ರೋಸ್ಕೋಪ್ ಇದ್ದರೂ ದಂಡ. ಕಲ್ಲನ್ನು ಕಾರ್ಬೊರಂಡಮ್ ಪುಡಿಯಲ್ಲಿ ತೇಯುತ್ತಾ ತೇಯುತ್ತಾ 0.03 ಮಿ.ಮೀ.ಗೆ ತರಬೇಕು. ಅಳತೆಗೆ ಬೆಣಚೇ (ಕ್ವಾರ್ಟ್ಜ್) ಸಾಕ್ಷಿ. ಆ ದಪ್ಪದಲ್ಲಿ ಅನಲೈಸರ್ ಹಾಕಿ ನೋಡಿದರೆ ಅದು ಬೂದು, ಬಿಳಿ, ಜಾಸ್ತಿ ಎಂದರೆ ತಿಳಿ ಹಳದಿ ಛಾಯೆ. ಎದ್ದು ಕಾಣುವ ಹಳದಿ ಬಂದರೆ ಇನ್ನೂ ತೇಯಬೇಕು ಅಂತ ಲೆಕ್ಕ. ದಪ್ಪ ತಪ್ಪಿದರೆ ಅನಲೈಸರಿನಲ್ಲಿ ಕಾಣುವ ಬಣ್ಣದಿಂದ ಖನಿಜ ಗುರುತಿಸಲು 1888ರಲ್ಲಿ ಫ್ರಾನ್ಸಿನ ಭೂವಿಜ್ಞಾನಿ ಮಿಶೆಲ್ ಲೆವಿ ಕೊಟ್ಟ ಬಣ್ಣದ ಪಟ್ಟಿ ನೋಡಿ ಏನೂ ಉಪಯೋಗವಿಲ್ಲ.

ನಮ್ಮ ಸುತ್ತಲಿನ ಕಲ್ಲಿಗೆ ಈ ಉಪಕರಣ ಚೆನ್ನಾಗಿ ಒಗ್ಗುತ್ತದೆ. ನೈಸ್ (gneiss) ಎಂಬ ಪಟ್ಟೆಗಲ್ಲಿನಲ್ಲಿ ಪಟ್ಟೆ ಪಟ್ಟೆಯ ಪ್ಲಾಜಿಯೋಕ್ಲೇಸ್, ಚೌಕುಳಿ ಬಟ್ಟೆಯಂತಿರುವ ಮೈಕ್ರೋಕ್ಲಿನ್ ಎರಡೂ ಖನಿಜ ಒಟ್ಟಿಗೇ ಸಿಗುತ್ತವೆ. ಬೆಣಚು ಒಂದೇ ಸಲಕ್ಕೆ ಕಪ್ಪಾಗುವುದಿಲ್ಲ, ನೆರಳು ಅಲೆಅಲೆಯಾಗಿ ಹಾಯುತ್ತದೆ. ನೂರಾರು ಕೋಟಿ ವರ್ಷಗಳಲ್ಲಿ ಆ ಕಲ್ಲು ಪಟ್ಟ ಒತ್ತಡ ಅಲ್ಲಿ ನೇರವಾಗಿ ಕಾಣುತ್ತದೆ. ಶಿವಮೊಗ್ಗದ ಶಿಸ್ಟ್ (ಪದರು ಪದರಾದ ಕಲ್ಲು) ಪಟ್ಟಿಯ ಕಡೆಯ ಹಸಿರು ಕಲ್ಲಿನಲ್ಲಿ ಕ್ಲೋರೈಟ್ ಎಂಬ ಹಸಿರು ಖನಿಜ ಸಿಗುತ್ತದೆ. ಅನಲೈಸರ್ ಹಾಕಿದರೆ ಎಷ್ಟೋ ಸಲ ಶಾಯಿಯಂಥ ನೀಲಿ ತೋರಿಸುತ್ತದೆ. ಆ ನೀಲಿ ಮಿಶೆಲ್ ಲೆವಿಯ ಪಟ್ಟಿಯಲ್ಲಿ ಇರುವುದಿಲ್ಲ, ಹೊಸಬರು ಗಾಬರಿಯಾಗಬೇಡಿ.

ಆದರೆ ಕೆಮ್ಮಣ್ಣುಗುಂಡಿಯ ಕಡೆಯ ಕಬ್ಬಿಣದ ಅದಿರು ಇದಕ್ಕೆ ದಕ್ಕುವುದಿಲ್ಲ. 1923ರಲ್ಲಿ ಶುರುವಾದ ಭದ್ರಾವತಿ ಕಬ್ಬಿಣ ಕಾರ್ಖಾನೆಗೆ ಹೋಗುತ್ತಿದ್ದದ್ದು ಅಲ್ಲಿನ ಅದಿರೇ. ಮ್ಯಾಗ್ನೆಟೈಟ್ ಬೆಳಕನ್ನು ಒಳಗೆ ಬಿಡುವುದೇ ಇಲ್ಲ, ಹೆಮಟೈಟ್ ತೀರ ತೆಳ್ಳಗಿನ ಅಂಚಿನಲ್ಲಿ ಮಾತ್ರ ಕೆಂಪಾಗಿ ತೋರುತ್ತದೆ. ನಡುವಿನ ಬೆಣಚಿನ ಪಟ್ಟೆ ಹೊಳೆಯುತ್ತದೆ, ಉಳಿದದ್ದು ಕಪ್ಪು. ಅದಿರನ್ನೇ ನೋಡುವ ಆಸೆಯಿದ್ದರೆ ಮೇಲಿನಿಂದ ಬೆಳಕು ಬಿಟ್ಟು ಪಾಲಿಶ್ ಮಾಡಿದ ಮುಖ ನೋಡುವ ಮಾದರಿ ಕೇಳಿ. ಬೆಲೆ ಜಾಸ್ತಿ, ಆದರೆ ಆ ಕೆಲಸಕ್ಕೆ ಬೇರೆ ದಾರಿಯಿಲ್ಲ.