ಹಳೆಯ ಮಾಡೆಲ್ ರಾಕೆಟ್ ಮತ್ತೆ ಕಟ್ಟುವವರು ಹಾರಿಸುವ ಮೊದಲು ಇದನ್ನೊಮ್ಮೆ ಓದಿ

ನನ್ನ ಅಕ್ಕನ ಮಗಳಿಗೆ ಒಂಬತ್ತು ವರ್ಷ. ಮೂರು ತಿಂಗಳು ಕೂತು ನಾನು ಕಟ್ಟಿದ ರಾಕೆಟ್ ಅವಳಿಂದ ಎರಡು ಮಾರು ದೂರದಲ್ಲಿ, ಎದೆಮಟ್ಟದಲ್ಲಿ, ಇನ್ನೂ ಬೆಂಕಿ ಉಗುಳುತ್ತಲೇ ಅಡ್ಡಲಾಗಿ ಹಾದುಹೋಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ಎರಡು ಮಾರು ನನ್ನ ಜಾಗ್ರತೆಯಿಂದ ಉಳಿದದ್ದಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ಮಾಡಿದ ತಪ್ಪುಗಳಲ್ಲಿ ಯಾವುದೂ ದೊಡ್ಡದಲ್ಲ. ಹಳೆಯ ನಕ್ಷೆ ಹಿಡಿದು ಕೂತ ಯಾರು ಬೇಕಾದರೂ ಮಾಡಬಹುದಾದವು.

ನಾನು ಕಟ್ಟಿದ್ದು 1960ರ ದಶಕದ ಒಂದು ಅಮೆರಿಕನ್ ಕಿಟ್‌ನ ಪ್ರತಿರೂಪ. ಮೂಲ ಕಿಟ್ ಈಗ ಮಾರಾಟದಲ್ಲಿಲ್ಲ. ಸ್ಕ್ಯಾನ್ ಮಾಡಿಟ್ಟ ಸೂಚನಾ ಹಾಳೆ, ರೆಕ್ಕೆಗಳ ಅಚ್ಚು ಸಿಗುತ್ತವೆ. ಅದನ್ನು ನೋಡಿ ಕಾಗದದ ಕೊಳವೆ, ಮರ, ಅಂಟು ಜೋಡಿಸಿಕೊಂಡು ನಾವೇ ಕಟ್ಟಬೇಕು. ಆ ಕಾಲದ ರಾಕೆಟ್‌ಗಳ ಮೇಲೆ ನನಗೆ ವಿಪರೀತ ಪ್ರೀತಿ. ನೆಬ್ರಾಸ್ಕಾದ ನಾರ್ಫೋಕ್ ಎಂಬ ಊರಲ್ಲಿ ಚಪ್ಪಲಿ ಅಂಗಡಿ ಇಟ್ಟಿದ್ದ ಆರ್ವಿಲ್ ಕಾರ್ಲೈಲ್ 1954ರಲ್ಲಿ ಮಾಡಿದ ಪುಟ್ಟ ರಾಕೆಟ್, 1957ರಲ್ಲಿ ರಾಕೆಟ್ ಎಂಜಿನಿಯರ್ ಹ್ಯಾರಿ ಸ್ಟೈನ್ ಅದನ್ನು ಜನರ ಕೈಗೆ ತಲುಪಿಸಲು ಹೊರಟದ್ದು, 1959ರಲ್ಲಿ ವರ್ನ್ ಎಸ್ಟಿಸ್ 'ಮೇಬಲ್' ಎಂದು ಹೆಸರಿಟ್ಟ ಯಂತ್ರದಿಂದ ಸಾಲುಸಾಲಾಗಿ ಮೋಟಾರ್ (ರಾಕೆಟ್ಟನ್ನು ನೂಕುವ, ಮದ್ದು ತುಂಬಿದ ಪುಟ್ಟ ಕೊಳವೆ) ತಯಾರಿಸಿದ್ದು, ಇದನ್ನೆಲ್ಲ ಓದಿ ಓದಿ ಆ ಕಾಲದ್ದೇ ಒಂದನ್ನು ಕೈಯಾರೆ ಕಟ್ಟಬೇಕೆಂಬ ಆಸೆ ಹುಟ್ಟಿತ್ತು. ಬಣ್ಣ, ಗೆರೆ, ಅಕ್ಷರ ಎಲ್ಲವೂ ಆಗಿನಂತೆಯೇ ಇರಬೇಕು ಎಂದು ಹಟ ಹಿಡಿದೆ. ಹೊರಗಿನಿಂದ ನೋಡಿದರೆ ಹಾಗೆಯೇ ಬಂತು ಕೂಡ.

ಒಳಗಡೆ ಮಾತ್ರ ನಾಲ್ಕು ಕಡೆ ದಾರಿ ತಪ್ಪಿದ್ದೆ.

ಮೊದಲನೆಯದು ಮೋಟಾರ್. ಹಳೆಯ ಹಾಳೆಯಲ್ಲಿ 'ಬಿ 3' ಎಂದಿತ್ತು. ಇಲ್ಲಿ ತುಂಬ ಜನ ಎಡವುತ್ತಾರೆ, ಗಮನವಿಟ್ಟು ಓದಿ. ಈಗಿನ ಮೋಟಾರ್‌ಗಳಲ್ಲಿ ಅಕ್ಷರ ಒಟ್ಟು ಶಕ್ತಿಯ ವರ್ಗವನ್ನು ಹೇಳುತ್ತದೆ (ಎ, ಬಿ, ಸಿ, ಡಿ ಎಂದು ಏರುತ್ತಾ ಹೋಗುತ್ತದೆ), ಅದರ ಪಕ್ಕದ ಅಂಕಿ ಸರಾಸರಿ ನೂಕುಬಲವನ್ನು ನ್ಯೂಟನ್‌ಗಳಲ್ಲಿ ಹೇಳುತ್ತದೆ. ಆಗ ಅದು ಪೌಂಡ್ ಲೆಕ್ಕ. ಒಂದು ಪೌಂಡ್ ಎಂದರೆ ಸುಮಾರು 4.45 ನ್ಯೂಟನ್, ಅಂದಮೇಲೆ ಆ ಮೂರು ಈಗಿನ ಹದಿಮೂರಕ್ಕೆ ಸಮ. 'ಬಿ 3 ಸಿಗಲಿಲ್ಲ, ಬಿ 4 ಹಾಕಿದರಾಯಿತು' ಎಂದುಕೊಂಡರೆ ರಾಕೆಟ್ ರಾಡ್ (ಹೊರಡುವಾಗ ನೆಟ್ಟಗೆ ಏರಲು ಆಸರೆಯಾಗಿ ನಿಲ್ಲಿಸುವ ಕಂಬಿ) ಬಿಡುವಾಗ ಅದಕ್ಕೆ ವೇಗವೇ ಇರುವುದಿಲ್ಲ. ವೇಗವಿಲ್ಲದಿದ್ದರೆ ರೆಕ್ಕೆಗೆ ಕೆಲಸವಿಲ್ಲ. ಇಷ್ಟು ನನಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಹಿಂಭಾಗ ಬದಲಿಸಿ, 18 ಮಿ.ಮೀ. ಬದಲು 24 ಮಿ.ಮೀ. ಮೋಟಾರ್ ಕೂರುವಂತೆ ಮಾಡಿ 'ಡಿ 12' ಹಾಕಿದೆ. ನೂಕುಬಲದ ಲೆಕ್ಕ ಸರಿಯಾಯಿತು. ತೂಕದ ಲೆಕ್ಕ ಹಾಕಲಿಲ್ಲ. ಹಳೆಯ ಅಳತೆಯ ಮೋಟಾರ್ ಇಪ್ಪತ್ತು ಗ್ರಾಂ ಆಸುಪಾಸು ಇದ್ದರೆ ಡಿ 12 ನಲವತ್ತು ದಾಟುತ್ತದೆ. ಅಷ್ಟೂ ಬಾಲದಲ್ಲಿ.

ಎರಡನೆಯದು ರೆಕ್ಕೆ. ತುಂಬ ಹಗುರವಾದ ಬಾಲ್ಸಾ ಮರ ಮುರಿಯುತ್ತದೆಂದು ತೆಳು ಪ್ಲೈವುಡ್ ಬಳಸಿದೆ. ಅದರ ಮೇಲೆ ಗಾಜಿನ ಹಾಗೆ ನುಣುಪು ಬರಲೆಂದು ಐದು ಸಲ ಫಿಲ್ಲರ್ (ಮರದ ಸಣ್ಣ ಗುಳಿ ಮುಚ್ಚುವ ಲೇಪ) ಬಳಿದೆ. ಮತ್ತಷ್ಟು ತೂಕ, ಮತ್ತೆ ಬಾಲದಲ್ಲಿ. ಮೂರನೆಯದು ನೋಸ್ ಕೋನ್, ಅಂದರೆ ರಾಕೆಟ್‌ನ ಚೂಪು ಮೂಗು: ಮೂಲದಲ್ಲಿ ಗಟ್ಟಿ ಬಾಲ್ಸಾದಲ್ಲಿ ಕಡೆದದ್ದು, ನನ್ನದು ಟೊಳ್ಳು ಪ್ಲಾಸ್ಟಿಕ್, ತೀರಾ ಹಗುರ.

ನಾಲ್ಕನೆಯದು ಆಮೇಲೆ ಗೊತ್ತಾಯಿತು.

ಹಾರಿಸುವ ದಿನ ಗಾಳಿ ಹೆಚ್ಚಿರಲಿಲ್ಲ, ಆಗೊಮ್ಮೆ ಈಗೊಮ್ಮೆ ಬೀಸಿ ನಿಲ್ಲುತ್ತಿತ್ತು. ಈ ಹವ್ಯಾಸದಲ್ಲಿ ನನಗಿಂತ ಇಪ್ಪತ್ತು ವರ್ಷ ಹಿರಿಯರೊಬ್ಬರು ಜೊತೆಗಿದ್ದರು. ರಾಕೆಟ್ಟನ್ನು ಕೈಯಲ್ಲಿ ತೂಗಿ ನೋಡಿ ಕೇಳಿದರು: "ದಾರ ಕಟ್ಟಿ ತಿರುಗಿಸಿ ನೋಡಿದ್ದೀಯೇನಪ್ಪಾ?"

"ಬೇಕಾಗಿಲ್ಲ ಬಿಡಿ ಅಣ್ಣ, ಅರವತ್ತು ವರ್ಷದಿಂದ ಹಾರ್ತಾ ಇರೋ ಡಿಸೈನು ಇದು" ಅಂದೆ.

ಅವರು ಮತ್ತೆ ಕೇಳಲಿಲ್ಲ. ಒಂದು ಬಕೆಟ್ ನೀರು ತಂದು ಪಕ್ಕದಲ್ಲಿಟ್ಟರು, ಅಷ್ಟೆ.

ಐದರಿಂದ ಹಿಂದಕ್ಕೆ ಎಣಿಸಿ ಗುಂಡಿ ಒತ್ತಿದೆ. ರಾಡ್‌ನಿಂದ ಚೆನ್ನಾಗಿಯೇ ಹೊರಟಿತು. ಎರಡಾಳು ಎತ್ತರಕ್ಕೆ ಹೋಗುವಷ್ಟರಲ್ಲಿ ಗಾಳಿಯ ಒಂದು ಬೀಸು ಬಂದು ಮೂಗು ವಾಲಿತು. ವಾಲಿದ್ದು ಸರಿಯಾಗಲಿಲ್ಲ, ಇನ್ನಷ್ಟು ವಾಲಿತು. ಒಮ್ಮೆ ಪಲ್ಟಿ ಹೊಡೆದು ಕೆಳಗಿಳಿದು ನೇರ ನಮ್ಮ ಕಡೆ ತಿರುಗಿತು. ಡಿ 12 ಉರಿಯುವುದು ಎರಡು ಸೆಕೆಂಡೂ ಇಲ್ಲ. ಆದರೆ ಅದರೊಳಗೆ ಓಡಲು ಯಾರಿಗೂ ಆಗುವುದಿಲ್ಲ. ಮಗು ನಿಂತಲ್ಲೇ ನಿಂತಿತ್ತು. ರಾಕೆಟ್ ಅವಳ ಪಕ್ಕದಲ್ಲಿ ಹಾದು ಒಣ ಹುಲ್ಲಿಗೆ ಬಿತ್ತು. ನಾನು ಅತ್ತ ಓಡಲು ಹೊರಟಾಗ ಹಿರಿಯರು "ಹತ್ರ ಹೋಗ್ಬೇಡ, ನಿಲ್ಲು!" ಎಂದು ಕೂಗಿ ತೋಳು ಹಿಡಿದರು. ಅವರು ಹಿಡಿದದ್ದು ಒಳ್ಳೆಯದಾಯಿತು. ಪ್ಯಾರಾಚೂಟ್ ಹೊರದಬ್ಬುವ ಮದ್ದು ಇನ್ನೂ ಒಳಗಿತ್ತು. ಕೆಲವೇ ಸೆಕೆಂಡುಗಳಲ್ಲಿ ಅದು ಢಂ ಎಂದು ನೋಸ್ ಕೋನನ್ನು ಎಸೆಯಿತು, ಹುಲ್ಲು ಹತ್ತಿಕೊಂಡಿತು. ಬಕೆಟ್ ನೀರು ಅಲ್ಲಿಗೆ ಹೋಯಿತು.

ಮನೆಗೆ ಬಂದು ರಾತ್ರಿ ಆ ಅಚ್ಚಿನ ಹಾಳೆ ತೆಗೆದು ನೋಡಿದೆ. ಮೂಲೆಯಲ್ಲಿ ಒಂದು ಇಂಚಿನ ಗೆರೆ ಇದೆ, ಅಳತೆ ತಾಳೆ ನೋಡಲೆಂದೇ ಹಾಕಿದ್ದು. ಸ್ಕೇಲ್ ಇಟ್ಟೆ. 25.4 ಮಿ.ಮೀ. ಇರಬೇಕಾದದ್ದು 23.9 ಇತ್ತು. ಮೂಲ ಹಾಳೆ ಅಮೆರಿಕನ್ ಲೆಟರ್ ಅಳತೆಯದು, 216 ಮಿ.ಮೀ. ಅಗಲ; ನಾನು ಮುದ್ರಿಸಿದ ಎ4 ಹಾಳೆ 210. ಪುಟಕ್ಕೆ ಹೊಂದಿಸು ಎಂಬ ಆಯ್ಕೆಯನ್ನು ನಾನು ತೆಗೆದಿರಲಿಲ್ಲ, ಪ್ರಿಂಟರ್ ಅಂಚನ್ನೂ ಬಿಟ್ಟುಕೊಂಡು ಸದ್ದಿಲ್ಲದೆ ಚಿತ್ರವನ್ನು ಶೇ. 94ಕ್ಕೆ ಕುಗ್ಗಿಸಿತ್ತು. ಉದ್ದದಲ್ಲಿ ಶೇ. 6 ಕಡಿಮೆಯಾದರೆ ರೆಕ್ಕೆಯ ವಿಸ್ತೀರ್ಣದಲ್ಲಿ ಹತ್ತಿರ ಹತ್ತಿರ ಶೇ. 12 ಹೋಯಿತು. ಕೊಳವೆ ಮಾತ್ರ ಸರಿಯಾದ ಅಳತೆಯದೇ, ಅದನ್ನು ಸಿದ್ಧವಾಗಿ ಕೊಂಡದ್ದು. ಹಾಗಾಗಿ ಕಣ್ಣಿಗೆ ವ್ಯತ್ಯಾಸ ಕಾಣಲೇ ಇಲ್ಲ.

ಇದರ ಪರಿಣಾಮ ಏನೆಂದು ಗೊತ್ತಿಲ್ಲದವರಿಗೆ ಹೇಳುತ್ತೇನೆ. ರಾಕೆಟ್‌ನ ತೂಕವೆಲ್ಲ ಸಮತೂಗುವ ಜಾಗ ಗುರುತ್ವ ಕೇಂದ್ರ. ಗಾಳಿಯ ಒತ್ತಡವೆಲ್ಲ ಸೇರಿ ಕೆಲಸ ಮಾಡುವ ಜಾಗ ಒತ್ತಡ ಕೇಂದ್ರ. ಗುರುತ್ವ ಕೇಂದ್ರ ಮೂಗಿನ ಕಡೆ ಇರಬೇಕು, ಕನಿಷ್ಠ ಕೊಳವೆಯ ಒಂದು ವ್ಯಾಸದಷ್ಟು ಮುಂದೆ. ಆಗ ಮೂಗು ವಾಲಿದರೂ ಗಾಳಿ ಬಾಲವನ್ನು ಹಿಂದಕ್ಕೆ ತಳ್ಳಿ ನೇರ ಮಾಡುತ್ತದೆ. ನನ್ನ ಪ್ಲೈವುಡ್, ಫಿಲ್ಲರ್, ಮೋಟಾರ್ ಮತ್ತು ಟೊಳ್ಳು ನೋಸ್ ಕೋನ್ ಗುರುತ್ವ ಕೇಂದ್ರವನ್ನು ಹಿಂದಕ್ಕೆ ಎಳೆದವು, ಕುಗ್ಗಿದ ರೆಕ್ಕೆಗಳು ಒತ್ತಡ ಕೇಂದ್ರವನ್ನು ಮುಂದಕ್ಕೆ ತಂದವು. 42 ಮಿ.ಮೀ. ಅಂತರ ಬೇಕಿದ್ದ ಕಡೆ, ಲೆಕ್ಕ ಹಾಕಿದರೆ ಉಳಿದದ್ದು 8. ಅದೂ ರಾಕೆಟ್ ನೆಟ್ಟಗಿರುವಾಗಿನ ಲೆಕ್ಕ. ವಾಲಿದಂತೆ ಒತ್ತಡ ಕೇಂದ್ರ ಇನ್ನೂ ಮುಂದಕ್ಕೆ ಸರಿಯುತ್ತದೆ, ಆ ಎಂಟೂ ಉಳಿಯುವುದಿಲ್ಲ. ಒಂದೇ ಬೀಸಿಗೆ ಪಲ್ಟಿ ಹೊಡೆದದ್ದು ಅದಕ್ಕೆ.

ಈ ಲೆಕ್ಕಕ್ಕೆ ಸೂತ್ರ ಇದೆ, ಜೇಮ್ಸ್ ಬ್ಯಾರೋಮನ್ 1966ರಲ್ಲಿ ಹವ್ಯಾಸಿಗಳ ಮುಂದಿಟ್ಟದ್ದು. ಅದಕ್ಕೂ ಮೊದಲಿನವರು ಏನು ಮಾಡುತ್ತಿದ್ದರು? ದಾರ ಕಟ್ಟಿ ತಿರುಗಿಸುತ್ತಿದ್ದರು. ನನ್ನನ್ನು ಇವತ್ತಿಗೂ ಚುಚ್ಚುವುದು ಇದೇ. ಆ ಕಾಲದ ಗೆರೆ, ಬಣ್ಣ ಎಲ್ಲ ಪ್ರೀತಿಯಿಂದ ನಕಲು ಮಾಡಿದ ನಾನು ಆ ಕಾಲದವರ ಪರೀಕ್ಷೆಯನ್ನೇ ಬಿಟ್ಟಿದ್ದೆ. ಅರವತ್ತು ವರ್ಷ ಹಾರಿದ್ದು ಅವರು ಕಟ್ಟಿದ ರಾಕೆಟ್. ನನ್ನದು ಅವತ್ತು ಮೊದಲ ಸಲ ಹಾರುತ್ತಿತ್ತು.

ಆದ್ದರಿಂದ ದಯವಿಟ್ಟು: ಮುದ್ರಿಸಿದ ತಕ್ಷಣ, ಕತ್ತರಿ ಮುಟ್ಟುವ ಮೊದಲು, ಅಳತೆಯ ಗೆರೆಗೆ ಸ್ಕೇಲ್ ಇಡಿ. ಗೆರೆ ಇಲ್ಲದಿದ್ದರೆ ರೆಕ್ಕೆಯ ಬುಡವನ್ನು ಹಾಳೆಯಲ್ಲಿ ಬರೆದ ಅಳತೆಗೆ ತಾಳೆ ನೋಡಿ. ಮರ ಬದಲಿಸಿದರೆ, ಮೋಟಾರ್ ಬದಲಿಸಿದರೆ, ಅದು ಹೊಸ ರಾಕೆಟ್ ಎಂದೇ ತಿಳಿಯಿರಿ. ಬಣ್ಣ ಒಣಗಿ, ಪ್ಯಾರಾಚೂಟ್ ತುಂಬಿ, ಮೋಟಾರ್ ಕೂರಿಸಿದ ಮೇಲೆ ಸಮತೂಕದ ಜಾಗ ಗುರುತಿಸಿ. ಖಾಲಿ ರಾಕೆಟ್ ತೂಗಿದರೆ ಪ್ರಯೋಜನವಿಲ್ಲ. ಆ ಜಾಗಕ್ಕೆ ಉದ್ದ ದಾರ ಕಟ್ಟಿ, ಜಾರದಂತೆ ಟೇಪ್ ಹಾಕಿ, ತಲೆಯ ಮೇಲೆ ಸುತ್ತಿಸಿ. ಮೂಗು ಮುಂದೆ ಮಾಡಿ ಸುತ್ತಿದರೆ ಹಾರಿಸಬಹುದು. ಇಲ್ಲದಿದ್ದರೆ ನೋಸ್ ಕೋನ್ ಒಳಗೆ ಜೇಡಿಮಣ್ಣು ಸೇರಿಸುತ್ತಾ ಹೋಗಿ. ದಶಕಗಟ್ಟಲೆ ಹಳೆಯ ಮೋಟಾರ್ ಯಾರಾದರೂ ಕೊಟ್ಟರೆ ಬೇಡ ಎನ್ನಿ, ಬಿಸಿಲು ಚಳಿ ಕಂಡ ಮದ್ದು ಕವಚ ಬಿಟ್ಟು ಸಿಡಿಯಬಹುದು.

ಇನ್ನು ಜನ. ಡಿ ವರೆಗಿನ ಮೋಟಾರ್‌ಗೆ 15 ಅಡಿ ದೂರ ಸಾಕೆಂದು ಅಮೆರಿಕದ ರಾಷ್ಟ್ರೀಯ ರಾಕೆಟ್ ಹವ್ಯಾಸಿಗಳ ಸಂಘದ ಸುರಕ್ಷಾ ನಿಯಮ ಹೇಳುತ್ತದೆ, ನಾನು ಅದನ್ನು ಓದಿ ನಿಲ್ಲಿಸಿಬಿಟ್ಟಿದ್ದೆ. ಸ್ಥಿರತೆ ಖಚಿತವಿಲ್ಲದ, ಹಾರಿಸಿ ನೋಡದ ರಾಕೆಟ್ಟಾದರೆ ಮೊದಲು ಪರೀಕ್ಷಿಸಬೇಕು, ನೋಡುವವರನ್ನು ಎಚ್ಚರಿಸಿ ಸುರಕ್ಷಿತ ದೂರಕ್ಕೆ ಕಳಿಸಬೇಕು ಎಂದು ಅದೇ ನಿಯಮದಲ್ಲಿದೆ. ಮಕ್ಕಳನ್ನು ಮುಂದೆ ನಿಲ್ಲಿಸುವ ಆಸೆ ನನಗೆ ಅರ್ಥವಾಗುತ್ತದೆ. ಮೊದಲ ಹಾರಾಟಕ್ಕೆ ನಿಲ್ಲಿಸಬೇಡಿ.

ಹೊಸದು ಈಗ ಮೇಜಿನ ಮೇಲಿದೆ. ಬಾಲ್ಸಾ ರೆಕ್ಕೆ, ಪೂರಾ ಅಳತೆಯದು. ಎರಡೇ ಸಲ ಫಿಲ್ಲರ್. ಮೂಗಿನಲ್ಲಿ 18 ಗ್ರಾಂ ಜೇಡಿಮಣ್ಣು. ಹಿರಿಯರ ಎದುರಿಗೇ ದಾರ ಕಟ್ಟಿ ಮೂರು ಸಲ ತಿರುಗಿಸಿದೆ, ಮೂರು ಸಲವೂ ಮೂಗು ಮುಂದೆ ಮಾಡಿಯೇ ಸುತ್ತಿತು. ಮಗಳನ್ನು ಕಳಿಸು ಎಂದು ಅಕ್ಕನನ್ನು ಕೇಳಲು ನನಗಿನ್ನೂ ಬಾಯಿ ಬಂದಿಲ್ಲ.