ಸೂಕಿಯೋ, ಅನಿಟಾಳೋ? ಎರಡು ವ್ಯಾಂಪೈರ್ ಸರಣಿಗಳನ್ನು ಓದಿ ನೋಡಿದ ಮೇಲೆ

ರಕ್ತ ಕುಡಿದು ಬದುಕುವ ವ್ಯಾಂಪೈರ್‌ಗಳ ಪ್ರೇಮಕಥೆ ಹತ್ತಾರು ಪುಸ್ತಕಗಳವರೆಗೆ ಓದಿಸಿಕೊಂಡು ಹೋಗಬೇಕಾದರೆ ಅದರಲ್ಲಿ ಗಟ್ಟಿಯಾದ ಪತ್ತೇದಾರಿ ಇರಲೇಬೇಕು ಅನ್ನುವುದು ನನ್ನ ವಾದ. ಅತ್ತಿಗೆ ಇದನ್ನು ಪೂರ್ತಿ ಒಪ್ಪುವುದಿಲ್ಲ. ಸಂಜೆ ಕುಂದವಾಡ ಕೆರೆ ಏರಿ ಮೇಲೆ ವಾಕಿಂಗ್ ಹೋದಾಗೆಲ್ಲ ನಮ್ಮಿಬ್ಬರದು ಇದೇ ಮಾತು. ಅವರು ಲಾರೆಲ್ ಹ್ಯಾಮಿಲ್ಟನ್ ಬರೆದ ಅನಿಟಾ ಬ್ಲೇಕ್ ಕಡೆ, ನಾನು ಶಾರ್ಲೇನ್ ಹ್ಯಾರಿಸ್ ಬರೆದ ಸೂಕಿ ಸ್ಟ್ಯಾಕ್‌ಹೌಸ್ ಕಡೆ. ಪುಸ್ತಕಗಳನ್ನು ಅದಲು ಬದಲು ಮಾಡಿಕೊಂಡು ಓದಿಯೇ ಜಗಳ ಆಡುತ್ತೇವೆ.

ಮೊದಲು ಸೂಕಿ. 2001ರಿಂದ 2013ರವರೆಗೆ ವರ್ಷಕ್ಕೊಂದರಂತೆ 13 ಕಾದಂಬರಿ. ಅಮೆರಿಕದ ಲೂಯಿಸಿಯಾನಾದ ಒಂದು ಕಾಲ್ಪನಿಕ ಸಣ್ಣ ಊರು. ಜಪಾನಿನವರು ಕೃತಕ ರಕ್ತ ತಯಾರಿಸಿದ ಮೇಲೆ ವ್ಯಾಂಪೈರ್‌ಗಳು ಅಡಗಿಕೊಳ್ಳುವುದನ್ನು ಬಿಟ್ಟು ಜನರ ನಡುವೆಯೇ ಬಂದಿರುತ್ತಾರೆ. ಸೂಕಿ ಬಾರ್‌ನಲ್ಲಿ ಸಪ್ಲೈ ಮಾಡುವ ಹುಡುಗಿ. ಎದುರಿಗಿದ್ದವರ ಮನಸ್ಸಿನ ಮಾತು ಅವಳಿಗೆ ಕೇಳಿಸುತ್ತದೆ, ಬೇಡವೆಂದರೂ ಕೇಳಿಸುತ್ತದೆ. ಟೇಬಲ್ ಒರೆಸುವಾಗ ಗಿರಾಕಿಯ ತಲೆಯೊಳಗಿನ ಹೊಲಸನ್ನೆಲ್ಲ ಕೇಳಿಸಿಕೊಂಡೂ ನಗುನಗುತ್ತಾ ಬಿಲ್ ಕೊಡಬೇಕು. ಅಂಥವಳ ಮುಂದೆ ಬಿಲ್ ಕಾಂಪ್ಟನ್ ಎಂಬ ವ್ಯಾಂಪೈರ್ ಬಂದು ಕೂರುತ್ತಾನೆ, ಅವನ ಕಡೆಯಿಂದ ಒಂದು ಸದ್ದೂ ಇಲ್ಲ. ಆ ನೆಮ್ಮದಿಗೇ ಅವಳು ಮನಸೋಲುವುದು.

ಇಲ್ಲೇ ಹ್ಯಾರಿಸ್ ಅವರ ಜಾಣ್ಮೆ ಇರುವುದು. ಯಾರ ಮನಸ್ಸು ಕೇಳಿಸುವುದಿಲ್ಲವೋ ಅವನು ಸುಳ್ಳು ಹೇಳಿದರೂ ಅವಳಿಗೆ ತಿಳಿಯುವುದಿಲ್ಲ. ಪ್ರೀತಿಗೆ ಕಾರಣವಾದದ್ದೇ ಅನುಮಾನಕ್ಕೂ ಕಾರಣ. ಹಾಗಾದರೆ ಮೊದಲ ಪುಸ್ತಕದಲ್ಲಿ ಊರಿನ ಹೆಂಗಸರನ್ನು ಕೊಲ್ಲುತ್ತಿರುವವನು ಮನುಷ್ಯನಾಗಿದ್ದರೆ ಸೂಕಿಗೆ ಥಟ್ಟನೆ ಸಿಗಬೇಕಲ್ಲ ಅಂತ ನಾನೂ ಓದುವಾಗ ಅಂದುಕೊಂಡೆ. ಸಿಗುವುದಿಲ್ಲ. ಮನುಷ್ಯರ ಯೋಚನೆ ತುಂಡು ತುಂಡಾಗಿ ಬರುತ್ತದೆ, ಕೆಲವರದು ಅವಳಿಗೆ ಸರಿಯಾಗಿ ದಕ್ಕುವುದೇ ಇಲ್ಲ, ಪ್ರಾಣಿಯಾಗಿ ರೂಪ ಬದಲಿಸುವವರದು ಮಸುಕು ಮಸುಕು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳ ರುಚಿ ಹತ್ತಿದವರಿಗೆ ಇದು ಹೇಳಿ ಮಾಡಿಸಿದ್ದು. ಇಂಗ್ಲಿಷೂ ತೊಡಕಿಲ್ಲದ್ದು.

ಮೂರನೆಯ ಪುಸ್ತಕದ ಕೊನೆಯ ಒಂದು ಸನ್ನಿವೇಶ ನನಗೆ ಬಹಳ ಇಷ್ಟ. ಮನೆಯವರು ಕರೆಯದೆ ವ್ಯಾಂಪೈರ್ ಹೊಸಿಲು ದಾಟುವಂತಿಲ್ಲ. ಕೊಟ್ಟ ಕರೆಯನ್ನು ವಾಪಸ್ ಪಡೆದರೆ ಅವನು ಹೊರಗೆ ಹೋಗಲೇಬೇಕು. ಬಿಲ್, ಎರಿಕ್ ಎಂಬ ಇಬ್ಬರು ಬಲಶಾಲಿ ವ್ಯಾಂಪೈರ್ ಗಂಡಸರ ಕಿತ್ತಾಟದಿಂದ ಬೇಸತ್ತ ಸೂಕಿ ಅದನ್ನೇ ಮಾಡುತ್ತಾಳೆ. ಒಂದೇ ಮಾತು, ಇಬ್ಬರೂ ಮನೆಯಿಂದಾಚೆ. ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದ ಮನೆಗಳನ್ನು ನೋಡಿ ಬೆಳೆದ ನಮಗೆ ಹೊಸಿಲಿನ ಈ ಬಲವನ್ನು ಯಾರೂ ವಿವರಿಸಬೇಕಾಗಿಲ್ಲ.

ಅನಿಟಾ ಬ್ಲೇಕ್ ಇನ್ನೂ ಹಳಬಳು, ಮೊದಲ ಪುಸ್ತಕ 1993ರದು. ಸರಣಿ ಈಗ 30ರ ಆಸುಪಾಸಿನಲ್ಲಿದೆ. ಸೇಂಟ್ ಲೂಯಿಸ್ ನಗರದಲ್ಲಿ ಹೆಣಗಳನ್ನು ಎಬ್ಬಿಸುವುದು ಅನಿಟಾಳ ಉದ್ಯೋಗ. ಉಯಿಲಿನ ತಕರಾರು ಇದ್ದರೆ ಸತ್ತವನನ್ನೇ ಎಬ್ಬಿಸಿ ಕೇಳಬಹುದು! ಜೊತೆಗೆ, ತಪ್ಪು ಮಾಡಿದ ವ್ಯಾಂಪೈರ್‌ಗಳನ್ನು ಕೊಲ್ಲುವ ಲೈಸೆನ್ಸ್ ಕೂಡ ಉಂಟು. ಪೊಲೀಸ್ ಅಧಿಕಾರಿ ಡಾಲ್ಫ್ ಅವಳನ್ನು ಕೊಲೆ ನಡೆದ ಜಾಗಕ್ಕೆ ಕರೆಸುತ್ತಾನೆ, ಆದರೆ ಮೊದಲೇ ಏನನ್ನೂ ಹೇಳುವುದಿಲ್ಲ. ಅವಳು ತನ್ನ ಕಣ್ಣಿನಿಂದಲೇ ನೋಡಲಿ ಅಂತ. ನಾವೂ ಅವಳ ಜೊತೆ ಏನೂ ತಿಳಿಯದೆ ಆ ಕೋಣೆಗೆ ಕಾಲಿಡುತ್ತೇವೆ. ಭಯದ ವಿಷಯದಲ್ಲಿ ಅತ್ತಿಗೆ ಹೇಳುವುದು ನೂರಕ್ಕೆ ನೂರು ನಿಜ, ಸೂಕಿ ಇವಳ ಹತ್ತಿರಕ್ಕೂ ಬರುವುದಿಲ್ಲ. 2000ದಲ್ಲಿ ಬಂದ ಒಂಬತ್ತನೆಯ ಪುಸ್ತಕವಂತೂ ಎರಡೂ ಸರಣಿಗಳಲ್ಲಿ ನನ್ನನ್ನು ಅತಿ ಹೆಚ್ಚು ಹೆದರಿಸಿದ್ದು.

ಹತ್ತನೆಯದರಿಂದ ಮಾತ್ರ ದಾರಿ ಬದಲಾಗುತ್ತದೆ. ಹಾಸಿಗೆಯ ಪ್ರಸಂಗಗಳು ಬೆಳೆಯುತ್ತಾ ಹೋಗಿ ತನಿಖೆ ಮೂಲೆಗೆ ಸರಿಯುತ್ತದೆ. ನನ್ನ ತಕರಾರು ಹಾಸಿಗೆಯ ಮೇಲಲ್ಲ. ಕೇಸಿಲ್ಲದೆ ವ್ಯಾಂಪೈರ್ ಝಾನ್ ಕ್ಲಾಡ್‌ನಂಥ ನಾಯಕನೂ ಸಪ್ಪೆಯಾಗುತ್ತಾನೆ, ಯಾಕೆಂದರೆ ಅವನು ಅನಿಟಾಳಿಗೆ ಯಾವಾಗ ನೆರವಾಗುತ್ತಾನೆ, ಯಾವಾಗ ಕೈಕೊಡುತ್ತಾನೆ ಅನ್ನುವುದರಲ್ಲೇ ಅವನ ಸೆಳೆತ ಇದ್ದದ್ದು. “ಜೀವ ಹೋಗೋ ಹೊತ್ತಲ್ಲೂ ನಿನ್ನ ಸೂಕಿಗೆ ಮನೆ ಖರ್ಚಿಂದೇ ಚಿಂತೆ, ಅದೇನು ಕಥೆಯೇ?” ಅಂತಾರೆ ಅತ್ತಿಗೆ. ನನಗೆ ಅವಳು ಹಿಡಿಸಿದ್ದೇ ಅದಕ್ಕೆ.

ಕ್ಲೋಯಿ ನೀಲ್ ಬರೆದ ಷಿಕಾಗೋ ಸರಣಿಯನ್ನೂ ನೋಡಿದೆ, 2009ರಿಂದ 2017ರವರೆಗೆ ಅದೂ 13 ಪುಸ್ತಕ. ವ್ಯಾಂಪೈರ್ ಮನೆತನಗಳ ರಾಜಕೀಯ ಇಷ್ಟವಾಗುವವರಿಗೆ ಚೆನ್ನಾಗಿದೆ.

ಸೂಕಿಯ ಕಥೆ ‘ಟ್ರೂ ಬ್ಲಡ್’ ಎಂಬ ಟಿವಿ ಸರಣಿಯೂ ಆಯಿತು, 2008ರಿಂದ 2014ರವರೆಗೆ ಏಳು ಸೀಸನ್. ಪುಸ್ತಕದಲ್ಲಿ ಎರಡನೆಯ ಭಾಗದ ಶುರುವಿನಲ್ಲೇ ಸಾಯುವ ಅಡುಗೆಯ ಲಫಾಯೆಟ್ ಟಿವಿಯಲ್ಲಿ ಕೊನೆತನಕ ಬದುಕುತ್ತಾನೆ, ಅದು ಒಳ್ಳೆಯದೇ ಆಯಿತು. ಆದರೆ ಟಿವಿಯಲ್ಲಿ ಊರವರೆಲ್ಲರ ಕಥೆ ಹರಡಿಕೊಂಡು ಸೂಕಿಯ ದನಿ ಕಳೆದುಹೋಗುತ್ತದೆ. ಪುಸ್ತಕದಲ್ಲಿ ಅವಳೇ ನಮಗೆ ಕಥೆ ಹೇಳುವವಳು. ಮೊದಲು ಪುಸ್ತಕ ಓದಿ.

ಕೊನೆಯ ಪುಸ್ತಕದಲ್ಲಿ ಸೂಕಿ ಆರಿಸಿಕೊಂಡವನ ಬಗ್ಗೆ ಎಷ್ಟೋ ಓದುಗರು ಸಿಟ್ಟಾದರು, ಅತ್ತಿಗೆಯೂ ಸೇರಿ. ನನಗೆ ಅದು ಸರಿ ಅನ್ನಿಸಿತು. ಅವಳಿಗೆ ಬಿಸಿಲಲ್ಲಿ ಮೈ ಕಾಯಿಸುವುದೆಂದರೆ ಪ್ರಾಣ (ನಮ್ಮ ದಾವಣಗೆರೆಯ ಏಪ್ರಿಲ್ ಕಂಡವರಿಗೆ ಇದು ವಿಚಿತ್ರ ಅನ್ನಿಸಬಹುದು). ಹ್ಯಾರಿಸ್ ಇದನ್ನು ಮೊದಲಿನಿಂದಲೂ ಹೇಳುತ್ತಲೇ ಬಂದಿದ್ದಾರೆ. ಹಗಲೆಲ್ಲ ಸತ್ತಂತೆ ಮಲಗುವವನ ಜೊತೆ ಅವಳು ಬಾಳುವುದಾದರೂ ಹೇಗೆ ಅಂತ ಕೇಳಿದರೆ ಅತ್ತಿಗೆ ಎರಿಕ್‌ನ ಹೆಸರೆತ್ತುತ್ತಾರೆ, ವಾದ ಮತ್ತೆ ಶುರು.