ಗೋಕರ್ಣವೋ, ಕಾರವಾರವೋ? ಎರಡು ಯುಗಾದಿ ರಜೆಗಳ ಅನುಭವ

ಮೊದಲ ವರ್ಷ ಯುಗಾದಿ ಮುಗಿಸಿಕೊಂಡು ಗೋಕರ್ಣದಲ್ಲಿ ಮೂರು ದಿನ ತಂಗಿದೆವು, ಮರುವರ್ಷ ಕಾರವಾರದಲ್ಲಿ. ಎರಡು ಸಲವೂ ಅಮ್ಮ ಜೊತೆಗಿದ್ದರು, ಅವರಿಗೆ ಮಂಡಿನೋವು. ಬೇಸಿಗೆಯ ಆರಂಭದಲ್ಲಿ ಹಿರಿಯರನ್ನು ಕರೆದುಕೊಂಡು ಉತ್ತರ ಕನ್ನಡದ ಕರಾವಳಿಗೆ ಹೊರಟವರು ಕಾರವಾರದಲ್ಲೇ ಉಳಿಯಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಪ್ರಯಾಣದಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ. ಸಂಜೆ ಬೆಂಗಳೂರು ಬಿಡುವ ಪಂಚಗಂಗಾ ಎಕ್ಸ್‌ಪ್ರೆಸ್ ಬೆಳಗ್ಗೆ ಗೋಕರ್ಣ ರೋಡ್, ಅಂಕೋಲಾ ದಾಟಿ ಕಾರವಾರ ಸೇರುತ್ತದೆ. ಎರಡೂ ಕಡೆ ನಿಲ್ದಾಣ ಊರಿನಿಂದ ದೂರ, ಆಟೊ ಹಿಡಿಯಲೇಬೇಕು.

ರೈಲಿನಿಂದ ಇಳಿದ ಕೂಡಲೇ ಸೆಕೆ ಮೈಗೆ ಅಂಟಿಕೊಳ್ಳುತ್ತದೆ. ನಮ್ಮ ಬೆಂಗಳೂರಿನ ಒಣ ಬಿಸಿಲಿನಲ್ಲಿ ಮರದ ನೆರಳು ಸಿಕ್ಕರೆ ಸಾಕು. ಅಲ್ಲಿ ನೆರಳಿನಲ್ಲಿ ಕುಳಿತರೂ ಬೆವರು ಆರುವುದಿಲ್ಲ. ಹಾಗಾಗಿ ಎಷ್ಟು ನಡೆಯಬೇಕು, ಯಾವ ಹೊತ್ತಿನಲ್ಲಿ ನಡೆಯಬೇಕು ಎಂಬುದೇ ಎಲ್ಲವನ್ನೂ ನಿರ್ಧರಿಸುತ್ತದೆ.

ಗೋಕರ್ಣದ ಚೆಲುವು ಇರುವುದೇ ನಡಿಗೆಯಲ್ಲಿ. ಕುಡ್ಲೆಯಿಂದ ಓಂ ಕಡಲತೀರಕ್ಕೆ, ಅಲ್ಲಿಂದ ಹಾಫ್ ಮೂನ್‌ಗೆ ಗುಡ್ಡ ಹತ್ತಿಳಿಯುವ ಕಾಲುದಾರಿಯಲ್ಲಿ, ಒಂದು ತಿರುವು ದಾಟಿದೊಡನೆ ಕಾಲಡಿಯಲ್ಲೇ ನೀಲಿ ಕಡಲು ಬಿಚ್ಚಿಕೊಳ್ಳುತ್ತದೆ. ಅಂಥ ನೋಟ ಕಾರವಾರದಲ್ಲಿ ನನಗೆ ಸಿಗಲಿಲ್ಲ. ಆದರೆ ಒಂಬತ್ತು ಗಂಟೆಯ ಮೇಲೆ ಆ ಕೆಂಪುಕಲ್ಲು ಕಾದ ಕಾವಲಿಯಂತಾಗುತ್ತದೆ. ಓಂ ತೀರದ ಮೆಟ್ಟಿಲು ಇಳಿದ ಅಮ್ಮ ಮತ್ತೆ ಹತ್ತುವಾಗ ನಾಲ್ಕು ಕಡೆ ಕುಳಿತರು. ನನಗೆ ಬಹಳ ಸಂಕಟವಾಯಿತು. ನಾವಿದ್ದ ವಸತಿಗೃಹದ ಎಸಿ ಎರಡನೆಯ ರಾತ್ರಿಯೇ ಕೆಟ್ಟಿತು, ಯಾರೂ ಬಂದು ನೋಡಲಿಲ್ಲ. ಅಮ್ಮನಿಗೆ ಸಮಾಧಾನ ಸಿಕ್ಕಿದ್ದು ಮಹಾಬಲೇಶ್ವರನ ಬೆಳಗಿನ ದರ್ಶನದಲ್ಲಿ. ಅದಕ್ಕಾಗಿ ಗೋಕರ್ಣವನ್ನು ಅವರು ಈಗಲೂ ನೆನೆಯುತ್ತಾರೆ.

ಕಾರವಾರದಲ್ಲಿ ಕಡಲು ಊರಿನ ಮಗ್ಗುಲಲ್ಲೇ ಇದೆ. ಹೆದ್ದಾರಿಯ ಬದಿಯಲ್ಲಿ ಇಳಿದರೆ ಟ್ಯಾಗೋರ್ ಕಡಲತೀರ. ಇಪ್ಪತ್ತೆರಡರ ಹರೆಯದಲ್ಲಿ ರವೀಂದ್ರರು ಇಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಮನೆಯಲ್ಲಿ ತಂಗಿದ್ದರು. ಮರಳು ಸಮತಟ್ಟು. ಸಂಜೆ ಐದಕ್ಕೆ ಅಮ್ಮ ಯಾರ ಕೈಯನ್ನೂ ಹಿಡಿಯದೆ ನೀರಿನ ಅಂಚಿನವರೆಗೆ ಹೋಗಿ, ಪಾದ ತೋಯಿಸಿಕೊಂಡು ಬಹಳ ಹೊತ್ತು ನಿಂತರು. ಮಗ ಐಎನ್ಎಸ್ ಚಾಪಲ್ ಯುದ್ಧನೌಕೆಯೊಳಗೆ ಹೋಗಿ ಬಂದ. ಕಾಳಿ ನದಿಯ ಸೇತುವೆ ದಾಟಿ ಸದಾಶಿವಗಡದ ಮೇಲಿಂದ ಹೊಳೆ ಕಡಲಿಗೆ ಸೇರುವುದನ್ನು ನೋಡಿದೆವು. ಹೆದ್ದಾರಿಯ ಸದ್ದು ಮಾತ್ರ ತೀರದವರೆಗೂ ಕೇಳುತ್ತದೆ, ಅದು ಕೊರತೆಯೇ.

ಊಟದಲ್ಲಿ ಮೀನು ತಿನ್ನುವವರಿಗೆ ಕಾರವಾರವೇ ಸರಿ. ಯಾಂತ್ರಿಕ ದೋಣಿಗಳಿಗೆ ನಿಷೇಧವಿರುವುದು ಜೂನ್, ಜುಲೈ ತಿಂಗಳುಗಳಲ್ಲಿ. ಯುಗಾದಿ ಹೊತ್ತಿಗೆ ಬಂಗುಡೆ, ಇಸವಣ ತಾಜಾ ಸಿಗುತ್ತವೆ. ಅಮ್ಮನಂಥ ಸಸ್ಯಾಹಾರಿಗಳಿಗೆ ಗೋಕರ್ಣದ ದೇವಸ್ಥಾನದ ಸುತ್ತಲಿನ ಊಟವೇ ಹಿತ.

ಒಬ್ಬರೇ ಹೋಗುವವರು, ಕಾಲಿನಲ್ಲಿ ಕಸುವಿರುವವರು ಗೋಕರ್ಣವನ್ನೇ ಆರಿಸಿಕೊಳ್ಳಲಿ. ಆರಕ್ಕೆ ಗುಡ್ಡ ಹತ್ತಿ ಒಂಬತ್ತರೊಳಗೆ ಮರಳಲಿ. ಎಲ್ಲಿ ತಂಗಿದರೂ ಸಾಣಿಕಟ್ಟಾದ ಉಪ್ಪಿನ ಆಗರಗಳನ್ನು ಮಾತ್ರ ಬಿಡಬೇಡಿ. ಉಪ್ಪು ಕಟ್ಟುವುದು ಈ ಬಿಸಿಲಿನಲ್ಲೇ. ಮಳೆಗಾಲದಲ್ಲಿ ಹೋದರೆ ಅಲ್ಲಿ ಬರೀ ನೀರು.